ಹಾಳುಬಾವಿಗೆ ಬಂದ ನೆಂಟರು

ಮನೆಮನೆಗೂ ನಲ್ಲಿ ಬಂದ ಮೇಲೆ ಊರಂಚಿನ ಬಾವಿಯತ್ತ ಯಾರೂ ಸುಳಿಯುತ್ತಿರಲಿಲ್ಲ. ಮುದುಕಿ ದ್ಯಾಮವ್ವ ಮಾತ್ರ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಸುಖದುಃಖ ಹೇಳಿಕೊಂಡು ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ಬಾವಿ ಒಂಟಿ.

ಒಂದು ದಿನ ಹೆಣ್ಣು ಸೊಳ್ಳೆಯೊಂದು ಬಂದು, "ಮೊಟ್ಟೆಯಿಡಲು ಜಾಗ ಕೊಡುವೆಯಾ?" ಎಂದು ಕೇಳಿತು.

"ಧಾರಾಳವಾಗಿ ಇಡು. ನನ್ನೊಳಗೆ ಜೀವವಾಡಿ ಎಷ್ಟೋ ಕಾಲವಾಯಿತು," ಎಂದಿತು ಬಾವಿ.

ಮೊಟ್ಟೆಗಳು ಮರಿಯಾದವು, ಮರಿಗಳಿಗೆ ರೆಕ್ಕೆ ಮೂಡಿತು. ಬಾವಿ ಹಿಗ್ಗಿತು. ಆದರೆ ತಿಂಗಳು ಕಳೆಯುವಷ್ಟರಲ್ಲಿ ದ್ಯಾಮವ್ವ ಬರುವುದು ನಿಂತಿತು. ನಾಲ್ಕು ಸಂಜೆ ಕಾದ ಬಾವಿ ತಾಯಿಸೊಳ್ಳೆಯನ್ನು ಕೇಳಿತು: "ಮುದುಕಿಯನ್ನು ಕಂಡೆಯಾ?"

"ಕಂಡೆ. ಚಳಿಜ್ವರದಲ್ಲಿ ನಡುಗುತ್ತ ಮಲಗಿದ್ದಾಳೆ. ನಿನ್ನಲ್ಲಿಗೆ ಬರುವ ಮೊದಲು ಜ್ವರ ಬಂದಿದ್ದ ಗಾರೆ ಕೆಲಸದವನೊಬ್ಬನ ರಕ್ತ ಕುಡಿದಿದ್ದೆ. ಆ ರೋಗ ಹನ್ನೆರಡು ದಿನ ನನ್ನ ಮೈಯಲ್ಲಿ ಬೆಳೆಯಿತು. ಆಮೇಲೆ ನಿನ್ನ ಕಟ್ಟೆಯ ಮೇಲೆ ಕೂತಿದ್ದ ಅವಳನ್ನು ಕಚ್ಚಿದೆ."

"ನನಗೇಕೆ ಹೇಳಲಿಲ್ಲ?"

"ಜಾಗ ಕೇಳಿದಾಗ ನೀನು ಹಿಂದುಮುಂದು ವಿಚಾರಿಸಲಿಲ್ಲ."

ಮರುದಿನ ಆರೋಗ್ಯ ಕಾರ್ಯಕರ್ತೆಯೊಬ್ಬಳು ಬಂದು, ಸೊಳ್ಳೆಮರಿ ತಿನ್ನುವ ಮೀನುಗಳನ್ನು ನೀರಿಗೆ ಬಿಟ್ಟು, ಬಾವಿಯ ಬಾಯಿಗೆ ಬಲೆ ಬಿಗಿದಳು.

ಗುಳಿಗೆ ನುಂಗಿ ಚೇತರಿಸಿಕೊಂಡ ದ್ಯಾಮವ್ವ ಒಂದು ಸಂಜೆ ಕೋಲೂರಿಕೊಂಡು ಆ ದಾರಿಯಲ್ಲಿ ಬಂದಳು. ಕಟ್ಟೆಯ ಬಳಿ ಒಂದು ಗಳಿಗೆ ನಿಂತಳು, ಕೂರಲಿಲ್ಲ. ಸೆರಗು ಹೊದ್ದು ಮುಂದೆ ನಡೆದಳು. ಬದುಕಿದ್ದಾಳಲ್ಲ ಎಂದು ಬಾವಿಗೆ ಸಮಾಧಾನವಾಯಿತು. ಕೂಗಿ ಕರೆಯುವ ಮುಖ ಮಾತ್ರ ಅದಕ್ಕಿರಲಿಲ್ಲ.