ಬರಬೇಡ ಎಂದ ಅಕ್ಕ

ಹೊಳೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ಮುರಿಗೆಪ್ಪಜ್ಜ ಎಂಬ ಗುರುಗಳು, ಅವರ ಹತ್ತಿರ ಸಂಗನಬಸು ಎಂಬ ಶಿಷ್ಯ.

ತಾಯಿ ತೀರಿಕೊಂಡಾಗ ಸಂಗನಬಸುವಿಗೆ ನಾಲ್ಕು ವರ್ಷ. ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು ಅಕ್ಕ ಕಾಶವ್ವ. ಮದುವೆಯಾಗಿ ಪಕ್ಕದೂರಿಗೆ ಹೋಗುವಾಗಲೂ ತಮ್ಮನನ್ನು ಜೊತೆಗೇ ಕರೆದುಕೊಂಡು ಹೋಗಿದ್ದಳು. ಬೆಳೆದ ಮೇಲೆ ಅವನು ಆಶ್ರಮ ಸೇರಿದ್ದ.

ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಮಧ್ಯಾಹ್ನವಾದರೆ ಅವಳ ಪಡಸಾಲೆಯ ತುಂಬ ಹೆಂಗಸರು, ಹಳೆ ಸೀರೆಗಳು, ನಗು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಾಶವ್ವ ಸೂಜಿ ಮುಟ್ಟುವುದನ್ನು ಬಿಟ್ಟಳು. ಆಮೇಲೆ ತಲೆ ಬಾಚುವುದನ್ನು ಬಿಟ್ಟಳು. ಆಮೇಲೆ ಮಾತು. ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲೊಲ್ಲಳು.

ಮನೆಯಲ್ಲಿ ಸಾವಾಗಿರಲಿಲ್ಲ, ಜಗಳವಾಗಿರಲಿಲ್ಲ. ಕಾರಣ ಹುಡುಕಿದವರಿಗೆ ಕಾರಣ ಸಿಗಲಿಲ್ಲ. ನೋಡಲು ಬಂದ ಹೆಂಗಸರನ್ನು ಬೈದು ಕಳಿಸಿದಳು. ಗಂಡ ನೀಲಪ್ಪನನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವನು ಬಾಗಿಲ ಬಳಿ ಊಟದ ತಾಟು ಇಟ್ಟು, ಪಡಸಾಲೆಯಲ್ಲಿ ತಲೆತಗ್ಗಿಸಿ ಕೂರುತ್ತಿದ್ದ.

ಸಂಗನಬಸು ಪ್ರತಿ ಸೋಮವಾರ ಹೋಗಿ ಬುದ್ಧಿ ಹೇಳಿ ಬರುತ್ತಿದ್ದ. ಮನಸ್ಸು ಗಟ್ಟಿ ಮಾಡಿಕೋ ಎಂದ. ನಿನಗೇನು ಕಡಿಮೆಯಾಗಿದೆ ಎಂದ. ಗುರುಗಳ ಬಾಯಿಂದ ಕೇಳಿದ ಒಳ್ಳೆಯ ಮಾತುಗಳನ್ನೆಲ್ಲ ಒಪ್ಪಿಸಿದ. ಒಮ್ಮೆ ರಟ್ಟೆ ಹಿಡಿದು ಎಬ್ಬಿಸಲೂ ನೋಡಿದ.

ಒಂದು ಸೋಮವಾರ ಹೋದಷ್ಟೇ ಬೇಗ ತಿರುಗಿ ಬಂದ. ಕೈಯಲ್ಲಿದ್ದ ಬುತ್ತಿ ಬಿಚ್ಚಿರಲಿಲ್ಲ.

“ಇನ್ನ ನಾ ಹೋಗೂದಿಲ್ಲರಿ, ಅಜ್ಜಾರ.”

ಏನಾಯಿತೆಂದು ಅಜ್ಜ ಕೇಳಿದರು.

“ಇನ್ನ ಬರಬ್ಯಾಡ, ನಿನಗ ಅಕ್ಕ ಇಲ್ಲ ಅನ್ಕೋ ಅಂದ್ಲರಿ. ಎತ್ತಿ ಆಡಿಸಿದಾಕಿನ ಹಂಗಂದ್ಲು.” ಅವನು ಬುತ್ತಿಯನ್ನು ಕೆಳಗಿಟ್ಟ. “ಆಕಿಗೆ ನಾ ಬ್ಯಾಡಾಗೇನಿ.”

ಅಜ್ಜ ಬುತ್ತಿ ಬಿಚ್ಚಿ, ಒಂದು ರೊಟ್ಟಿಯನ್ನು ಅವನ ಕೈಗಿಟ್ಟರು.

ಮರುದಿನ ದನದ ಕೊಟ್ಟಿಗೆಯ ರಿಪೇರಿ. ಗೆದ್ದಲು ತಿಂದ ನಡುಗಂಬವನ್ನು ಬದಲಿಸಬೇಕಾಗಿತ್ತು. ಗುರು ಶಿಷ್ಯರಿಬ್ಬರೂ ಸೇರಿ ಅದನ್ನು ಅಲುಗಿಸುತ್ತಿದ್ದಾಗ, ಎಣಿಸಿದ್ದಕ್ಕಿಂತ ಮೊದಲೇ ಕಂಬ ಮುರಿಯಿತು. ಮೇಲಿನ ತೊಲೆ ಜಗ್ಗಿತು. ಸಂಗನಬಸು ಛಕ್ಕನೆ ಹೆಗಲು ಕೊಟ್ಟು ನಿಂತುಬಿಟ್ಟ. ಅಜ್ಜ ಹೊಸ ಕಂಬ ತರಲು ಹಿತ್ತಲಿಗೆ ಓಡಿದರು.

ಅಷ್ಟರಲ್ಲಿ ಸಾವಂತ್ರವ್ವ ಬಂದಳು. ಆಶ್ರಮದ ಅಡುಗೆ ನೋಡಿಕೊಳ್ಳುವ ಮುದುಕಿ. ಸಂಗನಬಸು ಎಂದರೆ ಅವಳಿಗೆ ಪ್ರಾಣ. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಬಿಸಿ ಹುಗ್ಗಿ. ನಿನ್ನೆಯಿಂದ ಮುಖ ಸಪ್ಪಗಿದೆಯಲ್ಲ, ಯಾಕೆ ಎಂದು ಕೇಳಿದಳು. ಇನ್ನೂ ಹತ್ತಿರ ಬಂದು, ಒಂದು ತುತ್ತು ತಿನ್ನಪ್ಪಾ, ನನ್ನ ಕಡೆ ನೋಡಪ್ಪಾ ಎಂದಳು.

“ಆಚೆ ಹೋಗು,” ಎಂದ ಅವನು.

ಅವಳು ಹೋಗಲಿಲ್ಲ. ಅವನ ಕೆನ್ನೆ ಸವರಲು ಕೈ ಎತ್ತಿದಳು.

“ಹೋಗಂದ್ರ ಹೋಗು. ನನ್ನ ಹಂತ್ಯಾಕ ಬರಬ್ಯಾಡ.”

ಆ ದನಿಗೆ ಮುದುಕಿ ಬೆಚ್ಚಿಬಿದ್ದಳು. ಬಟ್ಟಲನ್ನು ಸೆರಗಿನಡಿ ಹಿಡಿದುಕೊಂಡು ಹೊರಟುಹೋದಳು.

ಕಂಬ ಬಂತು. ತೊಲೆ ನಿಂತಿತು. ಸಂಗನಬಸು ನೆಲಕ್ಕೆ ಕುಸಿದು ಕೂತ. ಹೆಗಲ ಮೇಲೆ ರಕ್ತ ಹೆಪ್ಪುಗಟ್ಟಿತ್ತು.

ಅಜ್ಜ ಅವನಿಗೆ ನೀರು ಕೊಟ್ಟು, ಸಾವಂತ್ರವ್ವ ಅಡುಗೆಮನೆಯಲ್ಲಿ ಅಳುತ್ತಿದ್ದಾಳೆ ಎಂದರು. “ಆಕಿ ನಿನಗ ಬ್ಯಾಡಾದ್ಲೇನು?”

“ಇಲ್ಲರಿ. ಮಾತಾಡಾಕ ಉಸಿರ ಇರಲಿಲ್ಲ. ಮತ್ತ...” ಅವನು ನೀರಿನ ತಂಬಿಗೆ ಕೆಳಗಿಟ್ಟ. “ನನ್ನ ಕೈಲೆ ಆಗದ, ತೊಲಿ ಬಿದ್ದಿದ್ರ, ಆಕಿ ಮ್ಯಾಲೂ ಬೀಳ್ತಿತ್ತರಿ.”

“ಆಕಿಗೆ ತೊಲಿ ಕಾಣಲಿಲ್ಲೇನು?”

“ನನ್ನ ಮಾರಿ ನೋಡಿದ್ಲು. ಮ್ಯಾಲೆ ನೋಡಲಿಲ್ಲ.”

ಅಜ್ಜ ಅವನ ಹೆಗಲಿನ ಗಾಯ ನೋಡಿದರು.

“ಕಾಶವ್ವನ ಹೆಗಲ ಮ್ಯಾಲೆ ಇರೂದು ನನಗೂ ಕಾಣೂದಿಲ್ಲ, ತಮ್ಮಾ.”

ಸಂಗನಬಸು ಅಕ್ಕನ ರಟ್ಟೆ ಹಿಡಿದು ಎಳೆದದ್ದನ್ನು ನೆನೆದ. ಹಾಗಾದರೆ ನಾನೇನು ಮಾಡಲಿ ಎಂದು ಕೇಳಿದ.

“ಸಾವಂತ್ರವ್ವ ಏನ ಮಾಡಿದ್ರ ನಿನಗ ಛಲೋ ಅನಸ್ತಿತ್ತು?”

“ಬಟ್ಟಲ ಅಲ್ಲೇ ಇಟ್ಟು, ದೂರ ಕುಂತಿದ್ರ ಸಾಕಾಗ್ತಿತ್ತರಿ. ಮಾತಾಡಿಸದ.”

ಅಜ್ಜ ಎದ್ದು ದನಗಳಿಗೆ ಮೇವು ಹಾಕಲು ಹೋದರು. ಸಂಗನಬಸು ಅಡುಗೆಮನೆಗೆ ಹೋಗಿ ಮುದುಕಿಯ ಕಾಲು ಮುಟ್ಟಿದ.

ಸೋಮವಾರ ಅವನು ಮತ್ತೆ ಅಕ್ಕನ ಮನೆಗೆ ಹೋದ. ಕೋಣೆಯ ಹೊರಗೆ, ಬಾಗಿಲಿಗೆ ಬೆನ್ನು ಮಾಡಿ ಕೂತ. ನಾನು ಇಲ್ಲೇ ಇರುತ್ತೇನೆ, ನೀನು ಮಾತಾಡಬೇಕಾಗಿಲ್ಲ ಎಂದ.

“ಹೋಗು,” ಎಂಬ ದನಿ ಒಳಗಿಂದ ಬಂತು.

“ಬಿಸಲ ಇಳದ ಮ್ಯಾಲೆ ಹೋಗ್ತೀನಕ್ಕಾ. ಮುಂದಿನ ಸೋಮವಾರ ಬರ್ತೀನಿ.”

ಕೂತಲ್ಲೇ ನೀಲಪ್ಪನ ಜೊತೆ ಶೇಂಗಾ ಒಡೆದ. ಕೊಟ್ಟಿಗೆಯಲ್ಲಿ ನಡೆದದ್ದನ್ನು ಮೆಲುದನಿಯಲ್ಲಿ ಅವನಿಗೆ ಹೇಳಿದ. ಹೆಂಡತಿಯ ಮನಸ್ಸು ತನ್ನಿಂದ ತಿರುಗಿದೆ ಎಂದೇ ಇಷ್ಟು ದಿನ ತಿಳಿದಿದ್ದ ನೀಲಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಐದನೆಯ ಸೋಮವಾರ ಒಳಗಿಂದ ಮಾತು ಬಂತು. ಶೇಂಗಾ ಅಷ್ಟು ಜೋರಾಗಿ ಒಡೆಯಬೇಡ, ತಲೆ ನೋಯುತ್ತದೆ ಎಂದಳು ಕಾಶವ್ವ. ಅವನು ಸದ್ದಾಗದಂತೆ ಒಡೆಯತೊಡಗಿದ.

ಇನ್ನೆರಡು ವಾರ ಕಳೆದ ಮೇಲೆ ಗೋಡೆಯ ಕಡೆಯೇ ಮುಖ ಮಾಡಿಕೊಂಡು ಅಂದಳು:

“ನೀವು ಬಂದ್ರ ನನಗ ನಾಚಿಕಿ ಆಗ್ತೈತಿ. ನಕ್ಕು ಮಾತಾಡಬೇಕು ಅನಸ್ತೈತಿ, ಆಗೂದಿಲ್ಲ. ನನ್ನ ಕೂಡ ನೀವ್ಯಾಕ ಹಾಳಾಗ್ತೀರಿ? ದೂರ ಇದ್ರ ನೀವಾದ್ರೂ ಚೆಂದ ಇರ್ತೀರಿ.”

ಸಂಗನಬಸುವಿನ ನಾಲಗೆಯ ತುದಿಗೆ ಎಷ್ಟೋ ಒಳ್ಳೆಯ ಮಾತುಗಳು ಬಂದವು. ಎಲ್ಲವನ್ನೂ ನುಂಗಿಕೊಂಡ.

“ನಾ ಇಲ್ಲೇ ಅದೀನಕ್ಕಾ.”

ದವಾಖಾನೆಗೆ ಹೋಗೋಣವೇ ಎಂದು ಒಂದು ವಾರ ಕೇಳಿದ. ಬೇಡ ಎಂದಳು. ಎರಡು ವಾರ ಬಿಟ್ಟು ಮತ್ತೆ ಕೇಳಿದ. ಮೂರನೆಯ ಸಲ, ದಾರಿಯಲ್ಲಿ ನನ್ನನ್ನು ಮಾತಾಡಿಸಬಾರದು ಎಂದು ಹೇಳಿ ಎದ್ದಳು. ಮೂವರೂ ಬಸ್ಸಿನಲ್ಲಿ ತುಟಿ ಬಿಚ್ಚದೆ ಹೋಗಿ, ತುಟಿ ಬಿಚ್ಚದೆ ಬಂದರು. ಡಾಕ್ಟರು ಗುಳಿಗೆ ಕೊಟ್ಟಿದ್ದರು, ತಿಂಗಳು ತಿಂಗಳು ಬರಲು ಹೇಳಿದ್ದರು.

ಕೆಲವು ಸೋಮವಾರ ಅವಳು ಎದ್ದು ಕೂತಿರುತ್ತಿದ್ದಳು. ಕೆಲವು ಸೋಮವಾರ ಬಾಗಿಲು ಹಾಕಿಯೇ ಇರುತ್ತಿತ್ತು. ಅಂಥ ದಿನ ಸಂಗನಬಸು ಜೋಲು ಮೋರೆ ಹಾಕಿಕೊಂಡು ಆಶ್ರಮಕ್ಕೆ ಬರುತ್ತಿದ್ದ. ಬಿಸಿಲು ಇಳಿಯುವವರೆಗೆ ಕೂತಿದ್ದೆಯಾ ಎಂದು ಅಜ್ಜ ಕೇಳುತ್ತಿದ್ದರು. ಕೂತಿದ್ದೆ ಎನ್ನುತ್ತಿದ್ದ. ಅಜ್ಜ ಮುಂದೆ ಏನೂ ಕೇಳುತ್ತಿರಲಿಲ್ಲ.

ವರ್ಷ ತುಂಬಿ ಜೋಳದ ಸುಗ್ಗಿ ಬಂತು. ಒಂದು ಬೆಳಿಗ್ಗೆ ಕಾಶವ್ವ ತಾನೇ ಹೊಳೆಯ ದಂಡೆಯ ಹಾದಿ ಹಿಡಿದು ಆಶ್ರಮಕ್ಕೆ ಬಂದಳು. ತಲೆ ಬಾಚಿದ್ದಳು. ಬಹಳ ಸೊರಗಿದ್ದಳು. ಅಜ್ಜನ ಪಾದಕ್ಕೆ ನಮಸ್ಕರಿಸಿ ಅಲ್ಲೇ ಕೂತಳು. ತಮ್ಮ ದೂರದಲ್ಲಿ ದನಗಳಿಗೆ ನೀರು ಕುಡಿಸುತ್ತಿದ್ದ. ಅವಳು ಅವನನ್ನೇ ನೋಡುತ್ತಿದ್ದಳು.

ಅವನಿಗೆ ಆಡಬಾರದ ಮಾತು ಆಡಿದೆ ಎಂದಳು. ಈಗ ಊಟ ಸೇರುತ್ತಿದೆ, ಸೂಜಿ ಕೈಗೆ ಬಂದಿದೆ, ಆದರೆ ಒಂದು ಹೆದರಿಕೆ ಹೋಗಿಲ್ಲ ಎಂದಳು. ಏನು ಹೆದರಿಕೆ ಎಂದು ಅಜ್ಜ ಕೇಳಿದರು.

“ಆ ದಿನಗಳು ಮತ್ತ ಬಂದ್ರ ಹ್ಯಾಂಗರಿ, ಅಜ್ಜಾರ? ನಾ ಅವನ್ನ ಮತ್ತ ದೂಡ್ತೀನಿ.”

ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟರು.

“ದೂಡು, ತಾಯಿ. ಅಂವಗ ಈಗ ನಿಂದ್ರಾಕ ಬರತೈತಿ.”