ರೋಗವಿಲ್ಲದ ಹೊಟ್ಟೆನೋವು

“ಗುರುಗಳೇ, ನಾಡಿ ಸರಿಯಿದೆ, ಜ್ವರವಿಲ್ಲ, ಗಾಯವಿಲ್ಲ. ಆದರೂ ನೋವು ನೋವು ಎನ್ನುವವರನ್ನು ನಂಬುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬೆಲ್ಲದ ವ್ಯಾಪಾರಿಯ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಮೂವರು ವೈದ್ಯರು ನೋಡಿ, ರೋಗವೇನೂ ಇಲ್ಲ ಎಂದರು. ಕೆಲಸ ತಪ್ಪಿಸಿಕೊಳ್ಳಲು ನಟಿಸುತ್ತಿದ್ದಾಳೆ ಎಂದು ವ್ಯಾಪಾರಿಗೆ ಸಂಶಯ ಬಂತು. ಒಂದು ದಿನ ಸಂತೆಗೆ ಹೋಗುತ್ತೇನೆಂದು ಹೊರಟವನು ಅರ್ಧ ದಾರಿಯಿಂದ ಹಿಂತಿರುಗಿ, ಹಿತ್ತಿಲ ಬಾಗಿಲಿನಿಂದ ಇಣುಕಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಮುದುರಿ ಬಿದ್ದಿದ್ದಳು. ನೋಡುವವರಿಲ್ಲದ ಕಡೆ ಯಾರೂ ನಟಿಸುವುದಿಲ್ಲ.

ಆಗ ಸಂಶಯ ಬೇರೆಯವರ ಮೇಲೆ ತಿರುಗಿತು. ಯಾರೋ ಮದ್ದು ಹಾಕಿದ್ದಾರೆಂದು ಅಡುಗೆಯವಳನ್ನು ಬಿಡಿಸಿದ. ತಮ್ಮನ ಹೆಂಡತಿ ಕಳಿಸಿದ ಹಪ್ಪಳವನ್ನು ನಾಯಿಗೆ ಹಾಕಿ ನೋಡಿದ. ನಾಯಿಗೆ ಏನೂ ಆಗಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು.

ಕೊನೆಗೆ ವಯಸ್ಸಾದ ವೈದ್ಯನೊಬ್ಬ ಬಂದ. ಅವನು ನಾಡಿ ಹಿಡಿಯಲಿಲ್ಲ. “ಇದು ಯಾವಾಗ ಶುರುವಾಯಿತಮ್ಮಾ?” ಎಂದು ಕೇಳಿದ.

“ಮಗಳು ನೀಲಾ ಜ್ವರ ಬಂದು ತೀರಿಕೊಂಡ ತಿಂಗಳು,” ಎಂದಳು. “ಮನೆಯಲ್ಲಿ ಕಣ್ಣೀರು ಹಾಕಿದರೆ ಕೇಡು ಎಂದರು ಅತ್ತೆ. ನಾನು ಅಳಲಿಲ್ಲ.”

“ತವರಿನಲ್ಲಿ ದುಃಖವಾದಾಗ ಯಾರ ಹತ್ತಿರ ಹೇಳಿಕೊಳ್ಳುತ್ತಿದ್ದೆ?”

“ಹೇಳಿಕೊಳ್ಳುವಂತಿರಲಿಲ್ಲ. ಅತ್ತರೆ ಅಪ್ಪ ಬೈಯುತ್ತಿದ್ದರು. ಮೈ ಬಿಸಿಯಾದರೆ ಮಾತ್ರ ಪಕ್ಕದಲ್ಲಿ ಬಂದು ಕೂರುತ್ತಿದ್ದರು.”

ವೈದ್ಯ ಹೊರಗೆ ಬಂದು ವ್ಯಾಪಾರಿಗೆ, “ಇವಳ ನೋವು ನಿಜ. ಇದಕ್ಕೆ ನನ್ನ ಹತ್ತಿರ ಔಷಧವಿಲ್ಲ. ನೋವಿಲ್ಲದ ಹೊತ್ತಿನಲ್ಲೂ ಅವಳ ಪಕ್ಕದಲ್ಲಿ ಕೂತು, ಮಗಳ ವಿಷಯ ಮಾತಾಡು,” ಎಂದ.

ವ್ಯಾಪಾರಿ ಇದನ್ನೂ ನಂಬಲಿಲ್ಲ. ಕಷಾಯ ತಿಳಿಯದವನು ಮಾತಿನಲ್ಲಿ ತಪ್ಪಿಸಿಕೊಂಡ ಎಂದುಕೊಂಡ. ಆದರೂ ಮರುದಿನ ಹೋಗಿ ಕೂತ. “ನೀಲಾ ಅಂಗಡಿಯಲ್ಲಿ ಬೆಲ್ಲ ಕದ್ದು ತಿಂದು, ನನ್ನ ಪಂಚೆಗೇ ಕೈ ಒರೆಸುತ್ತಿದ್ದಳು,” ಎಂದ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಂದು ಸಂಜೆಯವರೆಗೂ ಅತ್ತಳು. ಆಮೇಲೆ ಎಷ್ಟೋ ದಿನ ಇಬ್ಬರೂ ಹಾಗೆ ಕೂತರು. ನೋವು ಒಮ್ಮೆಗೇ ಹೋಗಲಿಲ್ಲ. ಬರುವುದು ಕಡಿಮೆಯಾಯಿತು.

ಶಿಷ್ಯ, “ವರ್ಷವಿಡೀ ಅಷ್ಟೆಲ್ಲ ಪರೀಕ್ಷೆ ಮಾಡಿದ ಗಂಡ, ಆ ಒಂದು ಮಾತನ್ನು ಮೊದಲೇ ಏಕೆ ಆಡಲಿಲ್ಲ?” ಎಂದು ಕೇಳಿದ.

ಗುರುಗಳು ಹೇಳಿದರು: “ಆಡಿದ್ದರೆ ಅವನೂ ಅಳಬೇಕಾಗುತ್ತಿತ್ತು.”