ತೊಳೆದ ಪಾದ

ಹೊಳೆದಂಡೆಯ ಆಶ್ರಮದಲ್ಲಿ ಆರೋಗ್ಯಮ್ಮ ಎಂಬ ಕ್ರೈಸ್ತ ಸನ್ಯಾಸಿನಿ ಇದ್ದರು. ಅವರ ಬಳಿ ಲೂರ್ದಮ್ಮ ಎಂಬ ಶಿಷ್ಯೆ. ಬಂದು ಮೂರು ವರ್ಷವಾಗಿತ್ತು. ದೀಕ್ಷೆಯ ಕಾವಿ ಸೀರೆ ಇನ್ನೂ ಸಿಕ್ಕಿರಲಿಲ್ಲ.

ಎಲ್ಲರಿಗಿಂತ ಮೊದಲು ಏಳುವವಳು ಅವಳೇ, ಕೊನೆಗೆ ಉಣ್ಣುವವಳೂ ಅವಳೇ. ಅದನ್ನು ಯಾರಾದರೂ ಗಮನಿಸಿದರೇ ಎಂದು ಓರೆಗಣ್ಣಲ್ಲಿ ನೋಡುವವಳೂ ಅವಳೇ.

ಪವಿತ್ರ ಗುರುವಾರ ಬಂತು. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ದಿನ. ಅಂದು ಸಂಜೆ ಆರೋಗ್ಯಮ್ಮ ನೆಲಕ್ಕೆ ಕುಳಿತು ಶಿಷ್ಯೆಯರ ಪಾದ ತೊಳೆಯುವುದು ವಾಡಿಕೆ. ಈ ವರ್ಷ ಕಾವಿ ಯಾರಿಗೆ ಎಂದು ಹೇಳುವುದೂ ಅಂದೇ.

ಸಾಲಿನ ಕೊನೆಯಲ್ಲಿದ್ದ ಲೂರ್ದಮ್ಮ ಕಾಲು ಚಾಚಿದಳು, ತುಸು ಗತ್ತಿನಿಂದಲೇ. ಬೆಳಗಿದ ತಂಬಿಗೆಯ ಹಾಗೆ ಫಳಫಳ ಪಾದ. ಹಿಮ್ಮಡಿಯ ಚರ್ಮ ಮಾತ್ರ ಸುಲಿದಿತ್ತು.

"ಯಾರೇ ತೊಳೆದದ್ದು?"

"ನಾನೇ ಅಮ್ಮ. ಹೊಳೆಯ ಕಲ್ಲಿಗೆ ಹಾಕಿ ಉಜ್ಜಿದೆ. ನಿಮ್ಮ ಕಣ್ಣಿಗೆ ಕೊಳೆ ಬೀಳಬಾರದಲ್ಲ."

ಪಕ್ಕದಲ್ಲಿದ್ದ ಶಿಷ್ಯೆ ಜಸಿಂತಾ ಕಿಸಕ್ಕೆಂದಳು. "ಮದುಮಗಳ ಕಾಲು ಕಣ್ರೇ. ಅರಿಸಿನ ಒಂದು ಬಾಕಿ!"

ಆರೋಗ್ಯಮ್ಮ ನಗಲಿಲ್ಲ. ಪಾದವನ್ನು ಅಂಗೈಯಲ್ಲಿ ಹಿಡಿದು ನೀರು ಹೊಯ್ದರು. ಉರಿಗೆ ಲೂರ್ದಮ್ಮ ಕಾಲು ಹಿಂದಕ್ಕೆಳೆದಳು.

"ಬೇಡ ಅಮ್ಮ, ತೊಳೆಯೋಕೆ ಏನೂ ಉಳಿದಿಲ್ಲ."

"ಹೌದೌದು. ನನಗೂ ಕೆಲಸವಿಲ್ಲ, ಸ್ವಾಮಿಗೂ ಕೆಲಸವಿಲ್ಲ. ಎಲ್ಲ ನೀನೇ ಮುಗಿಸಿಬಿಟ್ಟೆ."

ಲೂರ್ದಮ್ಮನ ಗತ್ತು ಇಳಿಯಿತು. "ಸ್ವಾಮಿ ಮೆಚ್ಚಬೇಕಾದರೆ ನಾವೂ ಏನಾದರೂ ಮಾಡಬೇಡವೇ?"

"ಮೆಚ್ಚಿದ್ದಕ್ಕೇ ಅಲ್ಲವೇನೇ ಅವರು ಬಗ್ಗಿ ಕಾಲು ಹಿಡಿದದ್ದು?"

ಲೂರ್ದಮ್ಮ ತನ್ನ ಸುಲಿದ ಹಿಮ್ಮಡಿಯನ್ನೇ ನೋಡಿಕೊಂಡಳು.

"ಬಾಣಂತಿ ಮನೆಯಲ್ಲಿ ಅಜ್ಜಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುತ್ತಾಳಲ್ಲ, ಆಗ ಕೂಸು ಏನು ಮಾಡುತ್ತೆ?"

"ಅಳುತ್ತೆ."

"ಆಮೇಲೆ?"

"ನಿದ್ದೆ ಮಾಡುತ್ತೆ."

"ಅಷ್ಟೇ."

ಲೂರ್ದಮ್ಮನ ಕಣ್ಣು ತುಂಬಿತು. ಕಾಲನ್ನು ತಾನಾಗಿಯೇ ಮುಂದೆ ಚಾಚಿದಳು. "ಹಾಗಾದರೆ ಕಾವಿ ಈ ವರ್ಷವೂ ನನಗಿಲ್ಲವೇ, ಅಮ್ಮ?"

ಆರೋಗ್ಯಮ್ಮ ಹೆಗಲ ಮೇಲಿನ ವಸ್ತ್ರದಿಂದ ಅವಳ ಪಾದ ಒರೆಸಿದರು.

"ನೀನು ಬಂದ ವಾರವೇ ನಿನ್ನ ಸೀರೆಯನ್ನು ಕಾವಿಯಲ್ಲಿ ಅದ್ದಿಸಿ ಇಟ್ಟಿದ್ದೇನೆ ಕಣೇ. ನನ್ನ ಮಗಳು ಅಂತ ಊರಿಗೆಲ್ಲ ಹೇಳಿಕೊಂಡು ಬೀಗಿದ್ದೂ ಆಯಿತು. ಉಡಿಸೋಣ ಅಂದರೆ, ನೀನು ಒಂದು ಗಳಿಗೆ ಸುಮ್ಮನೆ ಕೂತರೆ ತಾನೇ!"